ಮರಕ್ಕೆ ಗೊತ್ತಿಲ್ಲದ ಅಳಿಲು

ಹೊಳೆಯೊಂದು ಎರಡಾಗಿ ಸೀಳಿದ್ದ ಒಂದು ಕಾಡಿನಲ್ಲಿ ಬಹಳ ಹಳೆಯ ಮತ್ತಿ ಮರವಿತ್ತು. ಅದರ ಕಾಂಡ ಒಳಗೆ ಪೂರ್ತಿ ಟೊಳ್ಳಾಗಿತ್ತು. ಮಳೆಗಾಲ ಮುಗಿದು ಕಾಡು ತುಂಬಿದಾಗ ಪ್ರಾಣಿಗಳು ಆ ಪೊಟರೆಗೆ ಹಲಸಿನ ಬೀಜ, ಒಣಗಿದ ಹಿಪ್ಪೆಹೂವು, ಗೆಡ್ಡೆಗೆಣಸು ತಂದು ತುಂಬುತ್ತಿದ್ದವು. ಬೇಸಿಗೆಯಲ್ಲಿ ಹಸಿದ ಪ್ರಾಣಿ ಅಲ್ಲಿಂದ ಕಡ ಪಡೆಯುತ್ತಿತ್ತು. ಮಳೆ ಬಂದ ಮೇಲೆ ಪಡೆದಷ್ಟನ್ನೂ, ಅದರ ಜೊತೆಗೆ ಒಂದು ಹಿಡಿಯನ್ನೂ ಹಿಂದಿರುಗಿಸುತ್ತಿತ್ತು.

ಆ ಮರಕ್ಕೊಂದು ಪದ್ಧತಿ ಇತ್ತು. ಕಡ ಪಡೆಯುವ ಪ್ರಾಣಿ ತನ್ನ ಮೈಯನ್ನು ಕಾಂಡಕ್ಕೆ ಉಜ್ಜಬೇಕು. ಹಿಂದಿರುಗಿಸುವಾಗ ಅದೇ ಜಾಗದಲ್ಲಿ ಮತ್ತೊಮ್ಮೆ ಉಜ್ಜಬೇಕು. ವರ್ಷವರ್ಷವೂ ಪಡೆದು ಹಿಂದಿರುಗಿಸಿದ ಪ್ರಾಣಿಯ ವಾಸನೆ ತೊಗಟೆಯೊಳಗೆ ಇಳಿದು ಗಟ್ಟಿಯಾಗುತ್ತಿತ್ತು. ಪಡೆದು ಬಾರದೆ ಹೋದ ಪ್ರಾಣಿಯ ವಾಸನೆ ಹುಳಿಯಾಗಿ ಉಳಿಯುತ್ತಿತ್ತು. ಮರವನ್ನು ಕಾಯುತ್ತಿದ್ದ ಮುದಿ ಕರಡಿಯ ಕಣ್ಣು ಮಂಜಾಗಿತ್ತು. ಆ ಕೆಲಸಕ್ಕೆ ಕಣ್ಣು ಬೇಕಾಗಿಯೂ ಇರಲಿಲ್ಲ. ಕರಡಿ ಬಂದವರನ್ನು ಮೂಸುತ್ತಿತ್ತು, ಮರವನ್ನು ಮೂಸುತ್ತಿತ್ತು. ಎರಡೂ ಹೊಂದಿದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಹೊಂದದಿದ್ದರೆ ಒಂದೇ ಮಾತು ಹೇಳುತ್ತಿತ್ತು: "ಮರಕ್ಕೆ ಗೊತ್ತಿಲ್ಲದವರು ನನಗೂ ಗೊತ್ತಿಲ್ಲ."

ಹೊಳೆಯ ಈಚೆ ದಡದಲ್ಲಿ ಒಂದು ಅಳಿಲು ವಾಸವಾಗಿತ್ತು. ಅದು ಎಂದೂ ಕಡ ಪಡೆದಿರಲಿಲ್ಲ. "ಇನ್ನೊಬ್ಬರ ಮುಂದೆ ಕೈ ಚಾಚಿ ನಿಲ್ಲಬೇಡ ಮಗಳೇ, ನಮ್ಮದು ನಮಗೆ ಸಾಕು" ಎಂದು ತಾಯಿ ಹೇಳಿಕೊಟ್ಟಿತ್ತು. ಅಳಿಲು ತಾನೇ ಹೆಕ್ಕಿ, ತಾನೇ ಸಿಪ್ಪೆ ಬಿಡಿಸಿ, ತಾನೇ ನೆಲದಲ್ಲಿ ಹೂತಿಡುತ್ತಿತ್ತು. ಅದರ ಮರದ ಬುಡದಲ್ಲಿ ಮುಳ್ಳುಹಂದಿಯೊಂದು ಬಿಲ ತೋಡಿಕೊಂಡಿತ್ತು. ಮುಳ್ಳುಹಂದಿ ಪ್ರತಿ ಬೇಸಿಗೆಯೂ ತಪ್ಪದೆ ಕಡ ತರುತ್ತಿತ್ತು.

"ಅಕ್ಕ, ನಿನ್ನ ಬಿಲ ತುಂಬಿಯೇ ಇದೆಯಲ್ಲ. ಮತ್ತೆ ಯಾಕೆ ಮತ್ತಿ ಮರಕ್ಕೆ ಹೋಗುತ್ತೀ?" ಎಂದು ಅಳಿಲು ಒಮ್ಮೆ ಕೇಳಿತು.

"ಮರ ನನ್ನನ್ನು ಮರೆಯಬಾರದಲ್ಲ, ಅದಕ್ಕೆ. ಎರಡು ಗೆಡ್ಡೆ ತರುತ್ತೇನೆ, ತಿನ್ನುತ್ತೇನೆ. ಮಳೆ ಬಂದ ಮೇಲೆ ಗೊಣಗಿಕೊಂಡು ಹಿಂದಿರುಗಿಸುತ್ತೇನೆ."

"ನನ್ನಿಂದ ಅದಾಗದು."

"ನೀನು ಮರ್ಯಾದೆಯವಳು ತಂಗಿ. ಅದು ನಿನಗೆ ಗೊತ್ತು, ನನಗೆ ಗೊತ್ತು. ಕರಡಿಯಜ್ಜನ ಮೂಗಿಗೆ ಗೊತ್ತಿಲ್ಲ."

ಅಳಿಲು ನಕ್ಕು ಮರ ಹತ್ತಿತು.

ಒಂದು ವರ್ಷ ಮುಂಗಾರು ಬಹಳ ತಡವಾಯಿತು. ಹೂತಿಟ್ಟ ಬೀಜಗಳು ಮುಗಿದವು. ಅಳಿಲು ಮೊದಲ ಬಾರಿಗೆ ಮತ್ತಿ ಮರದ ಎದುರು ನಿಂತಿತು. ಕರಡಿ ಅದನ್ನು ಮೂಸಿತು. ಕಾಂಡವನ್ನು ಬುಡದಿಂದ ಎದೆಯೆತ್ತರದವರೆಗೆ ಮೂಸಿತು.

"ನಿನ್ನ ವಾಸನೆ ಇಲ್ಲಿ ಇಲ್ಲ."

"ಹೌದು ಅಜ್ಜ. ಇದುವರೆಗೆ ನಾನು ಯಾರಿಗೂ ಏನೂ ಕೊಡಬೇಕಾಗಿಲ್ಲ."

"ನಾನೂ ಅದನ್ನೇ ಹೇಳುತ್ತಿದ್ದೇನೆ. ನೀನು ಪಡೆದಿಲ್ಲ, ಹಿಂದಿರುಗಿಸಿಲ್ಲ. ನೀನು ಎಂಥವಳೆಂದು ನನಗೆ ಹೇಗೆ ತಿಳಿಯಬೇಕು?"

"ಒಮ್ಮೆ ಕೊಟ್ಟು ನೋಡಿ."

"ವಾಸನೆ ಇದ್ದರೆ ಕೊಡುತ್ತೇನೆ."

"ಕೊಟ್ಟರಲ್ಲವೇ ಅಜ್ಜ ವಾಸನೆ ಹತ್ತುವುದು?"

"ಮರಕ್ಕೆ ಗೊತ್ತಿಲ್ಲದವರು ನನಗೂ ಗೊತ್ತಿಲ್ಲ" ಎಂದಿತು ಕರಡಿ. ಅದರ ಮೂಗು ಆಗಲೇ ಹಿಂದೆ ನಿಂತಿದ್ದ ಕಾಡುಹಂದಿಯ ಕಡೆ ತಿರುಗಿತ್ತು.

ಅಳಿಲು ಮನೆಗೆ ಬಂದು ಮುಳ್ಳುಹಂದಿಯನ್ನು ಕೇಳಿತು: "ಅಕ್ಕ, ನಿನ್ನ ವಾಸನೆ ಆ ಮರಕ್ಕೆ ಮೊದಲು ಹೇಗೆ ಹತ್ತಿತು?"

ಮುಳ್ಳುಹಂದಿ ಯೋಚಿಸಿತು. "ನನ್ನ ಅಜ್ಜಿಯ ಕಾಲದಿಂದ ನಮ್ಮ ಮನೆಯವರೆಲ್ಲ ಒಂದೇ ಜಾಗದಲ್ಲಿ ಉಜ್ಜುತ್ತಿದ್ದೇವೆ. ನಾನು ಹುಟ್ಟುವಾಗಲೇ ಅದು ಅಲ್ಲಿತ್ತು. ಹೇಗೆ ಹತ್ತಿತೆಂದು ನಾನು ಕೇಳಿಯೇ ಇಲ್ಲ" ಎಂದಿತು. ಅದು ಸುಳ್ಳು ಹೇಳಲಿಲ್ಲ. ಕೇಳಬೇಕಾದ ಅಗತ್ಯ ಅದಕ್ಕೆ ಎಂದೂ ಬಂದಿರಲಿಲ್ಲ.

ಮತ್ತಿ ಮರದಿಂದ ಹೊಳೆಗೆ ಬರುವ ದಾರಿಯಲ್ಲಿ ಒಂದು ಚಪ್ಪಟೆ ಬಂಡೆ ಇತ್ತು. ಅದರ ಮೇಲೆ ಒಂದು ಪುನುಗುಬೆಕ್ಕು ಸದಾ ಮಲಗಿರುತ್ತಿತ್ತು. ಬರಿಗೈಯಲ್ಲಿ ಹಿಂದಿರುಗುವವರೆಲ್ಲ ಆ ದಾರಿಯಲ್ಲೇ ನಡೆಯಬೇಕೆಂಬುದು ಅದಕ್ಕೆ ಗೊತ್ತಿತ್ತು. ಮರುದಿನ ಅಳಿಲು ಮತ್ತೊಮ್ಮೆ ಬೇಡಿ, ಮತ್ತೊಮ್ಮೆ ಬರಿಗೈಯಲ್ಲಿ ಬರುತ್ತಿದ್ದಾಗ ಪುನುಗು ಕಣ್ಣು ತೆರೆಯಿತು.

"ವಾಸನೆ ಇಲ್ಲ ಅಂದನೇ ಮುದುಕ?"

"ಹೌದು ಅಣ್ಣ."

"ನನ್ನ ವಾಸನೆ ಇದೆಯಲ್ಲ. ಈ ಕಾಡಿನಲ್ಲಿ ನನ್ನಷ್ಟು ಗಟ್ಟಿ ವಾಸನೆ ಯಾರಿಗಿದೆ? ಬಾ, ನಿನಗೆ ಹಚ್ಚುತ್ತೇನೆ. ಹೋಗಿ ಪಡೆದುಕೊಂಡು ಬಾ. ಅರ್ಧ ನಿನಗೆ, ಅರ್ಧ ನನಗೆ."

"ಹಿಂದಿರುಗಿಸುವುದು?"

"ಪೂರ್ತಿ ನೀನೇ."

"ಅರ್ಧ ತಿಂದು ಪೂರ್ತಿ ತೀರಿಸಬೇಕೇ ಅಣ್ಣ?"

"ನಾನು ಕೊಡುತ್ತಿರುವುದು ಕಾಳಲ್ಲ ತಂಗಿ, ಹೆಸರು. ಹೆಸರಿಗೆ ಬೆಲೆ ಇರುತ್ತದೆ. ಎರಡು ವರ್ಷ ಹೀಗೆ ಮಾಡು. ಅಷ್ಟರಲ್ಲಿ ಮರ ನಿನ್ನನ್ನೂ ಗುರುತಿಸುತ್ತದೆ. ಆಮೇಲೆ ನನ್ನ ಹಂಗು ನಿನಗೇಕೆ?"

ಅಳಿಲು ಹಸಿದಿತ್ತು. ಅದು ಬಂಡೆ ಹತ್ತಿ ನಿಂತಿತು. ಪುನುಗು ತನ್ನ ಪಕ್ಕೆಯನ್ನು ಅದರ ಮೈಗೆ ಒತ್ತಿ ಒತ್ತಿ ಉಜ್ಜಿತು. "ಬಾಯಿ ತೆರೆಯಬೇಡ. ಅಜ್ಜ ಏನು ಕೇಳಿದರೂ ಕೆಮ್ಮು" ಎಂದು ಹೇಳಿ ಕಳುಹಿಸಿತು.

ಕರಡಿ ಮೂಸಿತು. "ಏನಪ್ಪ ಪುನುಗು, ಈ ಸಲ ಹೆಜ್ಜೆ ಬಹಳ ಹಗುರವಾಗಿದೆ. ಮೈ ಇಳಿದಿದೆಯೇ?"

ಅಳಿಲು ಕೆಮ್ಮಿತು.

"ಗಂಟಲೂ ಕೆಟ್ಟಿದೆ. ಜೋಪಾನ" ಎಂದು ಕರಡಿ ಪಕ್ಕಕ್ಕೆ ಸರಿಯಿತು.

ಆ ಬೇಸಿಗೆ ಕಳೆಯಿತು. ಮಳೆ ಬಂದ ಮೇಲೆ ಅಳಿಲು ಹಲಸಿನ ಬೀಜಗಳನ್ನು ಒಂದೊಂದಾಗಿ ಆರಿಸಿತು. ಹುಳು ಹಿಡಿದದ್ದನ್ನು ತಾನು ಇಟ್ಟುಕೊಂಡು ಒಳ್ಳೆಯದನ್ನು ಮರಕ್ಕೆ ಒಯ್ದಿತು. ಜೊತೆಗೆ ಕೊಡಬೇಕಾದ ಆ ಒಂದು ಹಿಡಿಯನ್ನು ಎಲ್ಲಕ್ಕಿಂತ ಒಳ್ಳೆಯ ಬೀಜಗಳಿಂದ ತುಂಬಿತು. ಹೊರಡುವ ಮೊದಲು ಪುನುಗು ಅದಕ್ಕೆ ಮತ್ತೊಮ್ಮೆ ವಾಸನೆ ಹಚ್ಚಿತು. "ಪಡೆದವರೇ ತಾನೆ ಹಿಂದಿರುಗಿಸಬೇಕು?" ಎಂದಿತು. ಅಳಿಲಿಗೆ ಆ ಮಾತು ಸರಿಯೆನಿಸಿತು. ಮರುವರ್ಷವೂ ಹಾಗೆಯೇ ನಡೆಯಿತು. ಮೊಲ, ಇಲಿ, ಮುಂಗುಸಿ ಕೂಡ ಅದೇ ಬಂಡೆಯ ಮೇಲೆ ನಿಂತು ಹೋಗುತ್ತಿದ್ದುದನ್ನು ಅಳಿಲು ಕಂಡಿತ್ತು. ಎಲ್ಲರೂ ಮಾಡುತ್ತಿರುವುದು ತಪ್ಪಿರಲಾರದು ಎಂದು ಅದು ಅಂದುಕೊಂಡಿತು.

ಮೂರನೆಯ ಬೇಸಿಗೆಯಲ್ಲಿ ಅಳಿಲಿಗೆ ಒಂದೇ ಒಂದು ಮರಿ ಹುಟ್ಟಿತು. ಕಣ್ಣು ಇನ್ನೂ ತೆರೆದಿರಲಿಲ್ಲ. ಆ ವಾರವೇ ಕಾಡಿಗೆ ಕಿಚ್ಚು ಬಿತ್ತು. ಬೆಂಕಿ ಮರಗಳ ತುದಿಗೆ ಏರಲಿಲ್ಲ. ನೆಲವನ್ನು ಮಾತ್ರ ಸುಟ್ಟುಕೊಂಡು ಹೊಳೆಯವರೆಗೆ ಹೋಗಿ ಆರಿತು. ಮರಿ ಉಳಿಯಿತು. ಹೂತಿಟ್ಟ ಬೀಜಗಳು ಕರಿಯಾದವು. ಮುಳ್ಳುಹಂದಿ ತನ್ನ ಪಾಲಿನ ಕಡದಲ್ಲಿ ಉಳಿದಿದ್ದುದನ್ನು ಅಳಿಲಿಗೂ ಹಂಚಿತು. ಅದೂ ಮುಗಿಯಿತು. ಪುನುಗಿನಷ್ಟು ಗಟ್ಟಿ ವಾಸನೆ ಇಲ್ಲದವರು ಹಳೆಯದನ್ನು ಹಿಂದಿರುಗಿಸದೆ ಹೊಸದನ್ನು ಕೇಳುವಂತಿರಲಿಲ್ಲ.

ಅಳಿಲಿನ ಹಾಲು ಕಡಿಮೆಯಾಯಿತು. ಮರಿ ಮೊದಲು ಅಳುತ್ತಿತ್ತು. ಆಮೇಲೆ ಅಳುವುದನ್ನು ನಿಲ್ಲಿಸಿತು.

"ಈಗ ಹೆದರಿಕೆ ಇಲ್ಲ ಅಕ್ಕ" ಎಂದಿತು ಅಳಿಲು. "ಎರಡು ವರ್ಷ ತಪ್ಪದೆ ತೀರಿಸಿದ್ದೇನೆ. ಮರಕ್ಕೆ ನನ್ನ ಗುರುತು ಸಿಕ್ಕಿರುತ್ತದೆ. ಇವತ್ತು ನನ್ನ ಮೈಯಲ್ಲೇ ಹೋಗುತ್ತೇನೆ."

"ಹೋಗು. ನಾನು ಇಲ್ಲೇ ಬುಡದಲ್ಲಿ ಕೂತಿರುತ್ತೇನೆ. ಮರಿಯನ್ನು ಎತ್ತಿಕೊಳ್ಳಲು ಮಾತ್ರ ಹೇಳಬೇಡ. ಈ ಮೈ ಅದಕ್ಕಾಗಿ ಹುಟ್ಟಿದ್ದಲ್ಲ" ಎಂದಿತು ಮುಳ್ಳುಹಂದಿ. ಯಾವ ಪ್ರಾಣಿಯೂ ಹತ್ತಿರ ಬಾರದಂತೆ ಮುಳ್ಳುಗಳನ್ನೆಲ್ಲ ನಿಮಿರಿಸಿಕೊಂಡು ಕುಳಿತಿತು.

ಕರಡಿ ಅಳಿಲನ್ನು ಮೂಸಿತು. ಮರವನ್ನು ಮೂಸಿತು. ಈ ಬಾರಿ ಹೆಚ್ಚು ಹೊತ್ತು ಮೂಸಿತು.

"ನಿನ್ನ ವಾಸನೆ ಇಲ್ಲಿ ಇಲ್ಲ."

"ಇರಬೇಕು ಅಜ್ಜ. ಎಡಗಡೆಯ ಗಂಟಿನ ಕೆಳಗೆ ನೋಡಿ. ಹೋದ ವರ್ಷ ಹಲಸಿನ ಬೀಜ ಬಂದಿದ್ದವಲ್ಲ."

"ಬಂದಿದ್ದವು. ಒಂದರಲ್ಲೂ ಹುಳು ಇರಲಿಲ್ಲ. ತಂದದ್ದು ಪುನುಗು. ಗಂಟಿನ ಕೆಳಗೆ ಪುನುಗಿನ ವಾಸನೆಯೇ ಇದೆ. ಈ ಮರದಲ್ಲಿ ಅದಕ್ಕಿಂತ ನಂಬಿಕೆಯ ವಾಸನೆ ಇನ್ನೊಂದಿಲ್ಲ."

ಅಳಿಲು ಕಾಂಡದ ಆ ಜಾಗವನ್ನು ನೋಡಿತು. ಎರಡು ವರ್ಷ ತನ್ನ ಮೈ ಉಜ್ಜಿದ ಜಾಗ ನುಣುಪಾಗಿ ಹೊಳೆಯುತ್ತಿತ್ತು.

"ನನ್ನ ಮರಿ ಸಾಯುತ್ತಿದೆ ಅಜ್ಜ."

ಕರಡಿ ಮರವನ್ನು ಮತ್ತೊಮ್ಮೆ ಮೂಸಿತು. ನಂತರ ತಾನು ಯಾವಾಗಲೂ ಹೇಳುವ ಮಾತನ್ನೇ ಹೇಳಿತು.

ಅಳಿಲು ಬಂಡೆಯ ಬಳಿಗೆ ಓಡಿತು. ನಡುಹಗಲಾಗಿತ್ತು. ಪುನುಗು ಬಂಡೆಯ ನೆರಳಿನಲ್ಲಿ ಮಲಗಿತ್ತು.

"ಅಣ್ಣ, ಬೇಗ ಏಳು. ವಾಸನೆ ಹಚ್ಚು."

"ಮರ ಗುರುತಿಸಲಿಲ್ಲವೇ?" ಪುನುಗು ಒಂದು ಕಣ್ಣು ಮಾತ್ರ ತೆರೆಯಿತು. "ಕೆಲವರಿಗೆ ಇನ್ನೂ ಕೆಲವು ವರ್ಷ ಬೇಕಾಗುತ್ತದೆ. ಈ ಸಲ ಮುಕ್ಕಾಲು ಪಾಲು ನನಗೆ. ತುರ್ತಿನ ಕೆಲಸಕ್ಕೆ ಬೆಲೆ ಬೇರೆ."

"ಆಗಲಿ. ಈಗಲೇ ಹಚ್ಚು."

"ಬಿಸಿಲು ಇಳಿಯಲಿ ತಂಗಿ. ಬಿಸಿಲಿನಲ್ಲಿ ಹಚ್ಚಿದ್ದು ನಿಲ್ಲುವುದಿಲ್ಲ."

ಬಿಸಿಲಿನಲ್ಲಿ ಹಚ್ಚಿದ್ದೂ ನಿಲ್ಲುತ್ತಿತ್ತು. ಪುನುಗಿಗೆ ನಿದ್ದೆ ಬರುತ್ತಿತ್ತು, ಅಷ್ಟೆ. ಅಳಿಲು ಬಂಡೆಯ ಪಕ್ಕದಲ್ಲಿ ಕುಳಿತಿತು. ನೆರಳು ಬಂಡೆಯನ್ನು ದಾಟಿ ಹಾದಿಗೆ ಬರುವವರೆಗೂ ಕುಳಿತಿತು. ಆಮೇಲೆ ಪುನುಗು ಎದ್ದು, ಮೈ ಮುರಿದು, ಅದಕ್ಕೆ ವಾಸನೆ ಹಚ್ಚಿತು. ಕರಡಿ ಮೂಸಿ, ತಡಮಾಡದೆ ದಾರಿ ಬಿಟ್ಟಿತು. ಪುನುಗು ಮುಕ್ಕಾಲು ಪಾಲನ್ನು ಎಣಿಸಿ ತೆಗೆದುಕೊಂಡಿತು. ಉಳಿದದ್ದನ್ನು ಕೆನ್ನೆಗಳಲ್ಲಿ ತುಂಬಿಕೊಂಡು ಅಳಿಲು ಮನೆಗೆ ಓಡಿತು.

ದೂರದಿಂದಲೇ ಮುಳ್ಳುಹಂದಿ ಕಾಣಿಸಿತು. ಅದು ಮರದ ಬುಡದಲ್ಲೇ ಕುಳಿತಿತ್ತು. ಅದರ ಮುಳ್ಳುಗಳೆಲ್ಲ ಮಲಗಿದ್ದವು. ಕಾಯುವುದಕ್ಕೆ ಏನೂ ಉಳಿದಿರಲಿಲ್ಲ.

ಅಳಿಲು ಮರ ಹತ್ತಿತು. ಬಹಳ ಹೊತ್ತು ಕೆಳಗೆ ಇಳಿಯಲಿಲ್ಲ. ಇಳಿದಾಗಲೂ ಅದರ ಕೆನ್ನೆಗಳು ತುಂಬಿಯೇ ಇದ್ದವು. ಒಂದು ಬೀಜವನ್ನೂ ಅದು ನುಂಗಿರಲಿಲ್ಲ.

"ತಿನ್ನು ತಂಗಿ. ನೀನಾದರೂ ಉಳಿಯಬೇಕಲ್ಲ" ಎಂದಿತು ಮುಳ್ಳುಹಂದಿ.

ಅಳಿಲು ಬೀಜಗಳನ್ನು ಎಲೆಯ ಮೇಲೆ ಉಗುಳಿತು. "ಇದು ನಾನು ಪಡೆದದ್ದಲ್ಲ ಅಕ್ಕ. ನಾನು ಇನ್ನೂ ಏನನ್ನೂ ಪಡೆದಿಲ್ಲ" ಎಂದಿತು. ಹೊಳೆಗೆ ಇಳಿದು ಕೆಸರಿನಲ್ಲಿ ಮೈ ತಿಕ್ಕಿತು. ಪುನುಗಿನ ವಾಸನೆ ಬೇಗ ಬಿಡುವಂಥದ್ದಲ್ಲ. ಚರ್ಮ ಉರಿಯುವವರೆಗೂ ತಿಕ್ಕಿತು. ಬೆಳಗಾದ ಮೇಲೆ ಬೀಜಗಳನ್ನು ಎತ್ತಿಕೊಂಡು ಕರಡಿಯ ಎದುರು ಹೋಗಿ ಇಟ್ಟಿತು.

"ನಿನ್ನೆ ಸಂಜೆ ಇದನ್ನು ಪುನುಗಿಗೆ ಕೊಟ್ಟಿರಿ ಅಜ್ಜ. ಬಂದದ್ದು ನಾನು. ಎರಡು ವರ್ಷದಿಂದ ಬರುತ್ತಿದ್ದುದೂ ನಾನು. ಕೆಮ್ಮುತ್ತಿದ್ದುದೂ ನಾನು. ಉಳಿದ ಮುಕ್ಕಾಲು ಪಾಲು ಪುನುಗಿನ ಹೊಟ್ಟೆಯಲ್ಲಿದೆ."

ಕರಡಿ ಬೀಜಗಳನ್ನು ಮೂಸಿತು. ಅಳಿಲನ್ನು ಮೂಸಿತು. "ಹಾಗಾದರೆ ಆ ಹುಳುವಿಲ್ಲದ ಬೀಜಗಳು?"

"ನಾನು ಆರಿಸಿದವು."

"ಮರಿ?"

"ಇಲ್ಲ."

ಕರಡಿ ತಲೆ ಕೆಳಗೆ ಹಾಕಿತು. ಮರದ ಹಿಂಬದಿಗೆ ನಡೆದು, ಎಲೆಗಳನ್ನು ಪಂಜದಿಂದ ಸರಿಸಿತು. ಬೇರಿನ ಅಡಿಯಲ್ಲಿ ಚಿಕ್ಕ ಬಿಲವೊಂದಿತ್ತು. "ವಾಸನೆ ಇಲ್ಲದವರಿಗೆ ಇದು. ನಿನ್ನದೇ ಒಂದು ಹಿಡಿಯನ್ನು ಇಲ್ಲಿ ಇಡಬೇಕು. ಅದರಿಂದಲೇ ಸ್ವಲ್ಪ ಕಡ ಪಡೆದು ಮರಕ್ಕೆ ಮೈ ಉಜ್ಜಬೇಕು. ಹಿಂದಿರುಗಿಸಿ ಮತ್ತೊಮ್ಮೆ ಉಜ್ಜಬೇಕು. ಒಂದು ಮಳೆಗಾಲದಲ್ಲಿ ವಾಸನೆ ಹತ್ತುತ್ತದೆ. ಆಮೇಲೆ ದೊಡ್ಡ ಪೊಟರೆಗೆ ಬರಬಹುದು."

"ಒಂದು ಹಿಡಿ ಸಾಕೇ?"

"ಸಾಕು."

ಪ್ರತಿ ಮಳೆಗಾಲವೂ ಕಡದ ಜೊತೆಗೆ ತಾನು ತಂದು ಸುರಿದ ಆ ಒಂದು ಹಿಡಿ ಅಳಿಲಿಗೆ ನೆನಪಾಯಿತು.

"ಮೊದಲ ದಿನವೇ ಇದನ್ನು ಯಾಕೆ ಹೇಳಲಿಲ್ಲ ಅಜ್ಜ?"

"ನೀನು ಕಡ ಕೇಳಿದೆ. ದಾರಿ ಕೇಳಲಿಲ್ಲ."

"ದಾರಿ ಇದೆಯೆಂದು ಗೊತ್ತಿಲ್ಲದವರು ಅದನ್ನು ಹೇಗೆ ಕೇಳಬೇಕು?"

ಕರಡಿ ಅಳಿಲು ತಂದಿಟ್ಟ ಬೀಜಗಳನ್ನು ಒಂದೊಂದಾಗಿ ಪೊಟರೆಗೆ ಹಾಕಿತು.

"ಉಳಿದ ಮುಕ್ಕಾಲನ್ನೂ ಮಳೆಯ ನಂತರ ನಾನೇ ತಂದು ತೀರಿಸುತ್ತೇನೆ" ಎಂದಿತು ಅಳಿಲು.

"ಬೇಡ" ಎಂದಿತು ಕರಡಿ. "ಅದು ಪುನುಗಿನ ವಾಸನೆಯಲ್ಲಿ ಹೋಗಿದೆ. ಪುನುಗೇ ತರಲಿ."

ಕಿಚ್ಚಿನಲ್ಲಿ ಪುನುಗು ತಿನ್ನುತ್ತಿದ್ದ ಅತ್ತಿಹಣ್ಣುಗಳೂ ಮರದ ಬುಡದಲ್ಲೇ ಬೆಂದುಹೋಗಿದ್ದವು. ಬರಿಗೈಯಲ್ಲಿ ಹಿಂದಿರುಗುವವರಿಗೆಲ್ಲ ಅಳಿಲು ಬೇರಿನ ಬಿಲದ ವಿಷಯ ಹೇಳಿಬಿಟ್ಟಿದ್ದರಿಂದ ಬಂಡೆಯ ಬಳಿಗೆ ಯಾರೂ ಬರುತ್ತಿರಲಿಲ್ಲ. ಬಹಳ ವರ್ಷಗಳಲ್ಲಿ ಮೊದಲ ಬಾರಿಗೆ ಪುನುಗು ತಾನೇ ಎದ್ದು ಮತ್ತಿ ಮರಕ್ಕೆ ನಡೆಯಿತು.

ಕರಡಿ ಮೂಸಿತು. ಅದರ ಮೂಗು ಪುನುಗಿನ ಪಕ್ಕೆಯ ಮೇಲೆ ಒಂದೊಂದೇ ಜಾಗದಲ್ಲಿ ನಿಂತಿತು. "ಇಲ್ಲಿ ಮೊಲ ಇದೆ. ಇಲ್ಲಿ ಇಲಿ. ಇದು ಮುಂಗುಸಿ. ಇದು ಅಳಿಲು. ಇಷ್ಟು ಜನ ಒಟ್ಟಿಗೆ ಯಾಕೆ ಬಂದಿರಿ?"

"ಅಜ್ಜ, ನಾನು ಪುನುಗು. ಒಬ್ಬನೇ ಬಂದಿದ್ದೇನೆ."

"ಇವರೆಲ್ಲರೂ ಪುನುಗಿನ ಹೆಸರಿನಲ್ಲೇ ಬಂದು ಕೆಮ್ಮಿದ್ದರು."

ಹಚ್ಚುವಾಗ ವಾಸನೆ ಒಂದೇ ಕಡೆಗೆ ಹೋಗುವುದಿಲ್ಲ ಎಂಬುದನ್ನು ಪುನುಗು ಎಂದೂ ಯೋಚಿಸಿರಲಿಲ್ಲ. ಅಷ್ಟೂ ಪ್ರಾಣಿಗಳಿಗೆ ಉಜ್ಜಿ ಉಜ್ಜಿ ಅದರ ಪಕ್ಕೆಯಲ್ಲಿ ಅದರದ್ದೇ ವಾಸನೆ ತೆಳುವಾಗಿತ್ತು.

"ನೀನು ಪುನುಗೇ ಆಗಿದ್ದರೂ, ಪುನುಗಿನ ವಾಸನೆಯಲ್ಲಿ ಹೋದ ಮುಕ್ಕಾಲು ಪಾಲು ಇನ್ನೂ ಬಂದಿಲ್ಲ" ಎಂದಿತು ಕರಡಿ. "ಅದು ಬಂದ ಮೇಲೆ ಆ ಬೇರಿನ ಬಿಲ ನಿನಗೂ ತೆರೆದಿದೆ. ನಿನ್ನದೇ ಒಂದು ಹಿಡಿ ತಂದಿಡು."

ಪುನುಗು ತನ್ನ ಪಂಜಗಳನ್ನು ನೋಡಿಕೊಂಡಿತು. ಇನ್ನೊಬ್ಬರು ತಂದದ್ದರಲ್ಲಿ ಪಾಲು ಪಡೆದೇ ಅದರ ಆಯುಷ್ಯ ಕಳೆದಿತ್ತು. ತಾನಾಗಿ ಹೆಕ್ಕಿದ ಒಂದು ಕಾಳೂ ಅದರ ಬಳಿ ಇರಲಿಲ್ಲ. ಅದು ಗುಡ್ಡದ ಆಚೆಗೆ ನಡೆಯಿತು. ಆಮೇಲೆ ಅದನ್ನು ಕಂಡವರಿಲ್ಲ.

ಈ ಸುದ್ದಿ ಕೇಳಿ ಅಳಿಲು ಸಂತೋಷಪಡಲಿಲ್ಲ. ಅದರಿಂದ ಗೂಡಿಗೆ ಏನೂ ಮರಳಿ ಬರುವಂತಿರಲಿಲ್ಲ.

ಮಳೆ ಬಂತು. ಹೊಳೆದಂಡೆಯ ನೇರಳೆ ಹಣ್ಣಾಯಿತು. ಮರಿ ಇದ್ದಿದ್ದರೆ ಈ ಹೊತ್ತಿಗೆ ಕಣ್ಣು ತೆರೆದು ಮೊದಲ ಹಣ್ಣು ಕಚ್ಚುವಷ್ಟಾಗುತ್ತಿತ್ತು. ಅಳಿಲು ಒಂದು ಹಿಡಿ ನೇರಳೆಯನ್ನು ತಂದು ಬೇರಿನ ಬಿಲದಲ್ಲಿ ಇಟ್ಟಿತು.

"ಇದು ನಾಳೆಗೇ ಕೊಳೆಯುತ್ತದೆ" ಎಂದಿತು ಕರಡಿ.

"ನಾಳೆಯೇ ಒಂದನ್ನು ಕಡ ಪಡೆಯುತ್ತೇನೆ. ನಾಡಿದ್ದು ಹೊಸದನ್ನು ತಂದಿಡುತ್ತೇನೆ."

ಹಾಗೆಯೇ ಮಾಡಿತು. ಒಂದು ಹಣ್ಣು ಪಡೆಯುವುದು, ಮೈ ಉಜ್ಜುವುದು, ಒಂದು ಹಣ್ಣು ಹಿಂದಿರುಗಿಸುವುದು, ಮತ್ತೆ ಮೈ ಉಜ್ಜುವುದು. ನೇರಳೆ ಮುಗಿದ ಮೇಲೆ ಹಲಸಿನ ಬೀಜ ತಂದಿತು. ಮಳೆಗಾಲದ ಕೊನೆಗೆ ಒಂದು ದಿನ ಕರಡಿ ಕಾಂಡವನ್ನು ಮೂಸಿ, ದೊಡ್ಡ ಪೊಟರೆಯ ಎದುರಿನಿಂದ ಪಕ್ಕಕ್ಕೆ ಸರಿಯಿತು.

ಅಳಿಲು ಒಳಗೆ ನೋಡಿತು. ಅಲ್ಲಿ ಒಂದು ಮರಿಯನ್ನು ಉಳಿಸಲು ಬೇಕಾದುದಕ್ಕಿಂತ ಬಹಳ ಹೆಚ್ಚಿತ್ತು. ಅದು ಒಂದು ಬೀಜವನ್ನು ಮಾತ್ರ ತೆಗೆದುಕೊಂಡು, ಮೈ ಉಜ್ಜಿ, ಹಿಂದಿರುಗಿತು.

ಮುಂದಿನ ಬೇಸಿಗೆಯಲ್ಲಿ ಹೊಳೆಯ ದಾರಿಯ ಚಪ್ಪಟೆ ಬಂಡೆಯ ಮೇಲೆ ಅಳಿಲು ಕುಳಿತಿರುತ್ತಿತ್ತು. ಮತ್ತಿ ಮರದ ಕಡೆಗೆ ಹೊಸ ಮುಖವೊಂದು ಹೋಗುವುದು ಕಂಡರೆ ಕೆಳಗೆ ಇಳಿಯುತ್ತಿತ್ತು. "ಮರದ ಹಿಂದೆ ಎಲೆಗಳ ಅಡಿಯಲ್ಲಿ ಒಂದು ಬಿಲ ಇದೆ. ಹಸಿವಾಗುವ ಮೊದಲೇ ಹೋಗು" ಎನ್ನುತ್ತಿತ್ತು. ಅದಕ್ಕೆ ಪ್ರತಿಯಾಗಿ ಏನನ್ನೂ ಪಡೆಯುತ್ತಿರಲಿಲ್ಲ.

ನೀತಿ: ನಂಬಿಕೆಯನ್ನು ಇನ್ನೊಬ್ಬರ ಹೆಸರಿನಲ್ಲಿ ಬೆಳೆಸಿದರೆ ಅದು ಅವರದ್ದೇ ಆಗುತ್ತದೆ. ಅಗತ್ಯ ಬೀಳುವ ಮೊದಲೇ ನಿಮ್ಮದೇ ಹೆಸರಿನಲ್ಲಿ ಸ್ವಲ್ಪ ಪಡೆದು, ತಪ್ಪದೆ ಹಿಂದಿರುಗಿಸಿ ಅದನ್ನು ಬೆಳೆಸಿಕೊಳ್ಳಿ. ದಾರಿ ಬಲ್ಲವರು ಕೇಳುವವರೆಗೆ ಕಾಯದೆ ಹೇಳಿ.